ಕೊಳವೆಗೆ ಹಾಕಿದ ಕೊಸರು

ಆಫ್ರಿಕಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಸಿಂಹ ನೋಡಿದೆಯಾ ಎಂದು. ಇಲ್ಲ. ಸಿಂಹ, ಆನೆ, ಜಿರಾಫೆ ಯಾವುದನ್ನೂ ನೋಡಲಿಲ್ಲ. ನಾನು ನೋಡಿದ್ದು ತಾಂಜಾನಿಯಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಿಂತಿದ್ದ ನಮ್ಮದೇ ಹೀಟರನ್ನು. ಮನೆಯ ಅಂಗಳದಲ್ಲಿ ಮಾಡಿದ್ದನ್ನು ನೋಡಲು ಸಮುದ್ರ ದಾಟಬೇಕಿತ್ತೇ ಎಂದು ನನ್ನ ಅವ್ವ ಹುಕ್ಕೇರಿಯಲ್ಲಿ ಕೂತು ಕೇಳಿದಳು. ದಾಟಬೇಕಿತ್ತು. ಯಾಕೆ ಎಂದು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ವಲ್ಪ ಜಂಬ ಬಂದರೆ ಸಹಿಸಿಕೊಳ್ಳಿ, ಮೂಡಲಗಿಯಿಂದ ಆಫ್ರಿಕಾಕ್ಕೆ ಜೊತೆಯಾಗಿ ಹೋದ ಮಾವ-ಸೊಸೆ ನಮ್ಮ ಓಣಿಯಲ್ಲಂತೂ ಬೇರೆ ಯಾರೂ ಇಲ್ಲ.

ಮೂಡಲಗಿ

ನಾನು ರೋಹಿಣಿ. ಹುಕ್ಕೇರಿಯ ಮಗಳು, ಮೂಡಲಗಿಯ ಸೊಸೆ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನನ್ನ ಮಾವ ಬಸಲಿಂಗಪ್ಪನವರು ಗೋಕಾಕ ರಸ್ತೆಯ ಪಕ್ಕದಲ್ಲಿ ಒಂದು ವರ್ಕ್‌ಶಾಪ್ ಇಟ್ಟಿದ್ದಾರೆ. ಮೊದಲು ಬೆಲ್ಲ ಕಾಯಿಸುವ ಕೊಪ್ಪರಿಗೆ ಮಾಡುತ್ತಿದ್ದರು. ಆಮೇಲೆ ಸುತ್ತಲಿನ ಸಕ್ಕರೆ ಕಾರ್ಖಾನೆಗಳ ರಿಪೇರಿ ಕೆಲಸ ಹಿಡಿದರು. ನಾನು ಸೊಸೆಯಾಗಿ ಬಂದ ಮೇಲೆ ಹೀಟರ್ ಮಾಡಲು ಶುರು ಮಾಡಿದೆವು. ಹೀಟರ್ ಎಂದರೆ ನೀವು ಸ್ನಾನಕ್ಕೆ ಹಚ್ಚುವ ಹೀಟರ್ ಅಲ್ಲ. ಆಳೆತ್ತರ ಮೀರಿದ ಉಕ್ಕಿನ ಪೀಪಾಯಿ, ಅದರೊಳಗೆ ನೂರಾರು ಸ್ಟೇನ್‌ಲೆಸ್ ಕೊಳವೆಗಳು. ಕೊಳವೆಗಳ ಒಳಗೆ ಕಬ್ಬಿನ ರಸ ಹರಿಯುತ್ತದೆ, ಹೊರಗೆ ಉಗಿ ತುಂಬಿರುತ್ತದೆ. ಉಗಿಯ ಬಿಸಿ ಕೊಳವೆಯ ಗೋಡೆ ದಾಟಿ ರಸಕ್ಕೆ ಸೇರಬೇಕು. ಇಷ್ಟೇ ಅದರ ಕೆಲಸ.

ಲೆಕ್ಕದ ಮಾತು ಬಂದರೆ ಓದುಗರು ಪುಟ ತಿರುವುತ್ತಾರೆ ಎಂದು ಗೊತ್ತು. ಆದರೆ ಈ ಪ್ರವಾಸ ನಿಂತಿರುವುದೇ ಒಂದು ಲೆಕ್ಕದ ಮೇಲೆ, ಒಂದೇ ಪ್ಯಾರಾ ತಡೆದುಕೊಳ್ಳಿ. ಕೊಳವೆಯ ಗೋಡೆ ಎಷ್ಟು ದಪ್ಪ ಇರಬೇಕು? ಒಳಗಿನ ಒತ್ತಡವನ್ನು ಕೊಳವೆಯ ಹೊರ ತ್ರಿಜ್ಯದಿಂದ ಗುಣಿಸಿ, ಆ ಲೋಹ ಎಷ್ಟು ಎಳೆತ ತಾಳುತ್ತದೋ ಅದರಿಂದ ಭಾಗಿಸಬೇಕು. ಒಂದು ಸಣ್ಣ ತಿದ್ದುಪಡಿ ಇದೆ, ಅದನ್ನು ಬಿಡಿ. ತಾಂಜಾನಿಯಾದವರು ಕೇಳಿದ ಹೀಟರಿಗೆ ಹಾಗೆ ಬಂದ ಉತ್ತರ ಒಂದು ಪೋಸ್ಟ್‌ಕಾರ್ಡಿನಷ್ಟು ದಪ್ಪ. ಒತ್ತಡ ತಡೆಯಲು ಅಷ್ಟೇ ಸಾಕು. ಆದರೆ ಹರಿಯುವ ರಸ ಗೋಡೆಯನ್ನು ಸವೆಸುತ್ತದೆ. ಹೊರಗಿನಿಂದ ಉಗಿ ಒತ್ತುತ್ತದೆ. ಕೊಳವೆ ತಯಾರಾಗುವಾಗಲೇ ಗೋಡೆ ಒಂದು ಕಡೆ ಚೂರು ದಪ್ಪ, ಒಂದು ಕಡೆ ಚೂರು ತೆಳು ಆಗಿರುತ್ತದೆ. ತುದಿಯನ್ನು ಪ್ಲೇಟಿನ ತೂತಿನಲ್ಲಿ ಹಿಗ್ಗಿಸಿ ಕೂರಿಸುವಾಗ ಇನ್ನಷ್ಟು ತೆಳುವಾಗುತ್ತದೆ. ಮೇಲಿಂದ ವರ್ಷ ವರ್ಷ ಬ್ರಷ್ ಹಾಕಿ ತಿಕ್ಕುತ್ತಾರೆ. ಇವಕ್ಕೆಲ್ಲ ಒಂದೊಂದಿಷ್ಟು ಸೇರಿಸುತ್ತ ಹೋಗಿ ನಾನು ಒಂದು ಪಾಯಿಂಟ್ ಎರಡು ಮಿಲಿಮೀಟರಿಗೆ ನಿಲ್ಲಿಸಿದೆ.

"ಇದು ಟ್ಯೂಬ್ ಏನವ್ವಾ, ಹಪ್ಪಳ?" ಎಂದರು ಮಾವ.

"ಟ್ಯೂಬ್ ರೀ. ಲೆಕ್ಕ ಸರಿ ಐತ್ರಿ."

"ಫಾರಿನ್‌ಗೆ ಹೊಂಟೈತಿ. ಸ್ವಲ್ಪ ದಪ್ಪ ಹಾಕೂಣಲ್ಲ?"

"ಬ್ಯಾಡ್ರಿ ಮಾವಾರ."

ಮಾವ ತಲೆ ಆಡಿಸಿದರು. ಆ ತಲೆ ಆಡಿಸುವಿಕೆಯ ಅರ್ಥವನ್ನು ನಾನು ಆಗಲೇ ತಿಳಿಯಬೇಕಿತ್ತು. ಅವರ ಅಪ್ಪನಿಗೆ ಗೋಕಾಕ ಪೇಟೆಯಲ್ಲಿ ಕಾಳಿನ ಅಂಗಡಿ ಇತ್ತಂತೆ. ತೂಕ ಸರಿಯಾದ ಮೇಲೆ ಒಂದು ಹಿಡಿ ಕಾಳು ಮೇಲೆ ಹಾಕಿಯೇ ಚೀಲ ಕಟ್ಟುತ್ತಿದ್ದರಂತೆ. ಆ ಕೊಸರು ನಮ್ಮ ಮನೆಯ ರಕ್ತದಲ್ಲೇ ಇದೆ. ಅತ್ತೆ ಕೇರಿಯಲ್ಲಿ ಯಾರಿಗಾದರೂ ಒಂದು ವಾಟಿ ಹಿಟ್ಟು ಸಾಲ ಕೊಟ್ಟರೆ ವಾಟಿಯ ಮೇಲೆ ಗೋಪುರ ಇರುತ್ತದೆ. ಮಾವ ಯಾವ ರೈತನ ಕೊಪ್ಪರಿಗೆ ಮಾಡಿದರೂ ಕೇಳಿದ್ದಕ್ಕಿಂತ ಒಂದು ನೂಲು ದಪ್ಪದ ತಗಡನ್ನೇ ಹಾಕುತ್ತಾರೆ, ಅದನ್ನು ಹೇಳುವುದೂ ಇಲ್ಲ.

ಹೀಟರಿಗೆ ಕೊಳವೆ ಕೂರಿಸುವ ಹೊತ್ತಿಗೆ ನಾನು ಹುಕ್ಕೇರಿಯಲ್ಲಿ ಬಾಣಂತಿ. ಮಗಳು ಗೌರಿಗೆ ಎಣ್ಣೆ ಹಚ್ಚುವುದರಲ್ಲಿ ನನ್ನ ಲೋಕ ಮುಗಿದಿತ್ತು. ನಾನು ಮೂಡಲಗಿಗೆ ಮರಳುವಷ್ಟರಲ್ಲಿ ಹೀಟರ್ ಬಣ್ಣ ಹೊಡೆಸಿಕೊಂಡು ಬಂದರಿಗೆ ಹೋಗಿಬಿಟ್ಟಿತ್ತು. ಗೌರಿಗೆ ಒಂದು ವರ್ಷ ತುಂಬಿದ ಮೇಲೆ ಅಲ್ಲಿಂದ ಕರೆ ಬಂತು. ಹೀಟರ್ ನಿಲ್ಲಿಸಿದ್ದೇವೆ, ಕಬ್ಬು ಅರೆಯುವುದು ಶುರುವಾಗುವ ಮುಂಚೆ ಪರೀಕ್ಷೆ ಮಾಡುತ್ತೇವೆ, ಮಾಡಿದವರು ಎದುರಿಗೆ ಇರಬೇಕು ಎಂದರು. ಅದು ಪಾಸಾದರೆ ಅವರ ಹಳೆಯ ಹಿತ್ತಾಳೆ ಕೊಳವೆಯ ಹೀಟರುಗಳನ್ನೂ ನಾವೇ ಬದಲಿಸಿಕೊಡಬೇಕು ಎಂಬ ಮಾತಿತ್ತು. ಪಾಸಾಗದಿದ್ದರೆ ನಮ್ಮ ಮೊದಲ ಪರದೇಶದ ಹೀಟರ್ ಅಲ್ಲಿನ ಅಂಗಳದಲ್ಲಿ ಗುಜರಿಯಾಗಿ ಬೀಳುತ್ತದೆ. ಸಕ್ಕರೆಯವರ ಲೋಕ ಸಣ್ಣದು, ಅಲ್ಲಿ ಬಿದ್ದ ಸುದ್ದಿ ಇಲ್ಲಿಯ ಕಾರ್ಖಾನೆಗಳಿಗೆ ನಮಗಿಂತ ಮುಂಚೆ ಮುಟ್ಟುತ್ತದೆ. ಲೆಕ್ಕ ನನ್ನದು, ಆದ್ದರಿಂದ ನಾನು ಹೊರಟೆ. ವರ್ಕ್‌ಶಾಪ್ ತಮ್ಮದು ಎಂದು ಮಾವ ಹೊರಟರು. ಗಂಡ ಅದನ್ನು ನೋಡಿಕೊಳ್ಳಲು ಉಳಿದ, ಗೌರಿ ಹುಕ್ಕೇರಿಯ ಅಜ್ಜಿಯ ಹತ್ತಿರ ಉಳಿದಳು.

ಮುಂಬೈ, ಆಮೇಲೆ ಆಕಾಶ

ಮುಂಬೈ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಾವನವರ ಎದೆ ಕೂಗಿತು. ಅಂಗಿಯೊಳಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತೆಗೆದು ಟ್ರೇಯಲ್ಲಿ ಇಡಿ ಎಂದ ಕಾವಲಿನವನು.

"ಅದನ್ನ ಮೈಮ್ಯಾಲಿಂದ ತಗಿಯಂಗಿಲ್ಲಪಾ. ಬೇಕಾದ್ರ ನಾನ ಟ್ರೇದಾಗ ಕುಂದರತೇನಿ," ಎಂದರು ಮಾವ ಅಪ್ಪಟ ಕನ್ನಡದಲ್ಲಿ.

ನಾನು ಹಿಂದಿಯಲ್ಲಿ ಮೆತ್ತಗೆ ಮಾಡಿ ಹೇಳಿದೆ. ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಕರಡಿಗೆ ತೆರೆಯಿಸಿ ನೋಡಿ, ಮರ್ಯಾದೆಯಿಂದಲೇ ಬಿಟ್ಟರು. ಆಮೇಲೆ ನಮ್ಮ ಚೀಲದ ಸರದಿ. ಒಣ ರೊಟ್ಟಿಯ ಅಟ್ಟಿ ಯಂತ್ರದ ಪರದೆಯ ಮೇಲೆ ಏನಾಗಿ ಕಂಡಿತೋ ಗೊತ್ತಿಲ್ಲ, ಇಬ್ಬರು ಸೇರಿ ನೋಡಿದರು. ಒಬ್ಬ ರೊಟ್ಟಿಯನ್ನು ಬೆರಳಿನಿಂದ ಬಡಿದ. ಅದು ಟಣ್ ಎನ್ನುವುದೊಂದು ಬಾಕಿ. ಗೋಕಾಕದ ಕರದಂಟಿನ ಡಬ್ಬಿ ತೆಗೆದು ಒಂದು ತುಂಡು ಕೊಟ್ಟೆವು, ಡ್ಯೂಟಿಯಲ್ಲಿ ತಿನ್ನುವಂತಿಲ್ಲ ಎಂದ. ಆದರೆ ಡಬ್ಬಿಯ ಮೇಲಿನ ಊರ ಹೆಸರನ್ನು ಎರಡು ಸಲ ಓದಿಕೊಂಡ.

ವಿಮಾನ ಏರಿ ಬೆಲ್ಟ್ ಕಟ್ಟಿಕೊಂಡ ಮೇಲೆ ಮಾವ ಕಿಟಕಿಯ ಪಕ್ಕದ ಗೋಡೆಯನ್ನು ಗೆಣ್ಣಿನಿಂದ ಕುಟ್ಟಿ ನೋಡಿದರು.

"ಇದರ ತಗಡು ಎಷ್ಟು ದಪ್ಪ ಇರತೈತಿ?"

"ಹೊರಗಿನ ತಗಡು ಒಂದೆರಡು ಮಿಲಿಮೀಟರ್ ಇರತೈತ್ರಿ, ಅಷ್ಟ."

"ಇಷ್ಟ ಮಂದಿ ಕುಂತಾರ. ಬರೇ ಒಂದೆರಡು ಮಿಲಿಮೀಟರಾ?"

"ಲೆಕ್ಕ ಸರಿ ಇದ್ರ ಅಷ್ಟ ಸಾಕ್ರಿ."

ಏನೋ ಹೇಳಲು ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡರು. ಬೆಲ್ಟನ್ನು ಇನ್ನೊಂದಿಷ್ಟು ಬಿಗಿ ಮಾಡಿಕೊಂಡು ಕಣ್ಣು ಮುಚ್ಚಿದರು. ಹೆದರಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ನಕ್ಕೆ.

ದಾರ್ ಎಸ್ ಸಲಾಮ್

ಕಾರ್ಖಾನೆಯ ಎಂಜಿನಿಯರ್ ಜೋಸೆಫ್ ನಮ್ಮನ್ನು ಕರೆದೊಯ್ಯಲು ಬಂದಿದ್ದ. ನನ್ನ ವಯಸ್ಸಿನವನೇ, ತೆಳ್ಳಗೆ, ಮಾತು ಕಡಿಮೆ. ಮಾವನನ್ನು ಕಂಡವನೇ ಸ್ವಲ್ಪ ಬಾಗಿ "ಶಿಕಮೂ" ಎಂದ. ಹಿರಿಯರಿಗೆ ಕಿರಿಯರು ಹೇಳುವ ನಮಸ್ಕಾರ ಅದು. ಹಿರಿಯರು "ಮರಹಬಾ" ಎಂದು ಉತ್ತರ ಕೊಡಬೇಕು. ನಮ್ಮಲ್ಲಿ ಶರಣ್ರಿ ಎಂದರೆ ಶರಣು ಎನ್ನುವ ಹಾಗೆ. ಅಲ್ಲಿ ಡ್ರೈವರ್, ಹೋಟೆಲಿನವರು, ಅಂಗಡಿಯ ಹುಡುಗಿ ಎಲ್ಲರೂ ಮಾವನಿಗೆ ಶಿಕಮೂ ಹೇಳುವವರೇ. ಊರಲ್ಲಿ ಈಗಿನ ಹುಡುಗರು ಮೊಬೈಲಿನಿಂದ ಮುಖ ಎತ್ತುವುದಿಲ್ಲ ಎಂದು ದಿನಾ ಗೊಣಗುವ ಮಾವನಿಗೆ ಈ ದೇಶ ಇಳಿದ ಗಳಿಗೆಯಲ್ಲೇ ಹಿಡಿಸಿಬಿಟ್ಟಿತು. ಸಂಜೆಯ ಹೊತ್ತಿಗೆ ಯಾರೂ ಏನೂ ಹೇಳದಿದ್ದರೂ ತಾವೇ ಮುಂದಾಗಿ ಮರಹಬಾ ಹಂಚುತ್ತ ನಡೆದರು.

ಊಟದ ಪಾಡು ಬೇರೆ. ಮಾಂಸ ಬೇಡ ಎಂದೆ, ಮೀನು ತಂದರು. ಮೀನೂ ಬೇಡ ಎಂದೆ, ಬೇಸರ ಮಾಡಿಕೊಳ್ಳದೆ ಕೋಳಿ ತಂದರು. ಕೊನೆಗೆ ಅಡುಗೆಯಾಕೆಯೇ ಹೊರಗೆ ಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಇವರಿಗೆ ಏನೋ ಕಾಯಿಲೆ ಇರಬೇಕೆಂದು ಮರುಗಿ, ಉಗಾಲಿ ಮತ್ತು ಸೊಪ್ಪಿನ ಪಲ್ಯ ಕೊಟ್ಟಳು. ಉಗಾಲಿ ಎಂದರೆ ಗೋವಿನಜೋಳದ ಹಿಟ್ಟಿನ ಗಟ್ಟಿ ಮುದ್ದೆ, ನಮ್ಮ ಸಂಗಟಿಯ ಖಾಸಾ ತಮ್ಮ. ಸೊಪ್ಪು ಸಾಕ್ಷಾತ್ ರಾಜಗಿರಿ. ಮಾವ ಲಿಂಗಪೂಜೆ ಮುಗಿಸಿ ಬಂದು ಒಂದು ತುತ್ತು ಬಾಯಿಗಿಟ್ಟು, ಶೇಂಗಾ ಚಟ್ನಿಯ ಪುಡಿ ತೆಗೆದು ಮೇಲೆ ಉದುರಿಸಿಕೊಂಡರು.

"ಈಗ ನೋಡು, ಇದು ಮೂಡಲಗಿ ಆತು," ಎಂದರು.

ಅಡುಗೆಯಾಕೆಗೂ ಒಂದು ಚಿಟಿಕೆ ಕೊಟ್ಟರು. ಅವಳು ಕೈ ಒಡ್ಡಿ ಇನ್ನಷ್ಟು ಕೇಳಿದಳು. ಮಾವ ಕೇಳಿದ್ದಕ್ಕಿಂತ ಹೆಚ್ಚೇ ಸುರಿದರು.

ಮೊರೊಗೊರೊ ದಾಟಿದ ಮೇಲೆ

ಕಾರ್ಖಾನೆಗೆ ಅರ್ಧ ದಿನದ ದಾರಿ. ಮೊರೊಗೊರೊ ದಾಟಿದ ಮೇಲೆ ರಸ್ತೆ ಒಂದು ಅಭಯಾರಣ್ಯದ ನಡುವೆಯೇ ಹಾದುಹೋಗುತ್ತದೆಯಂತೆ. ರಸ್ತೆಯ ಪಕ್ಕದಲ್ಲೇ ಜಿರಾಫೆ ನಿಂತಿದ್ದವಂತೆ, ಆನೆಗಳ ಹಿಂಡು ದಾಟಿತಂತೆ, ಕಾರು ನಿಲ್ಲಿಸಿ ಕಾಯಬೇಕಾಯಿತಂತೆ. ಇದನ್ನೆಲ್ಲ ಆಮೇಲೆ ಜೋಸೆಫ್ ಹೇಳಿದ್ದು. ಆಗ ಮಾವ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದೆವು. ದಣಿದ ಅತಿಥಿಗಳನ್ನು ಎಬ್ಬಿಸುವುದು ಅಲ್ಲಿ ಒಳ್ಳೆಯ ನಡತೆಯಲ್ಲವಂತೆ. ಅವನ ಒಳ್ಳೆಯ ನಡತೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಎಚ್ಚರವಾದಾಗ ಎರಡೂ ಕಡೆ ಕಬ್ಬು. ಒಂದು ಗಳಿಗೆ ನಾನು ಅರಭಾವಿ ದಾಟಿ ಮನೆಗೆ ಹೊರಟಿದ್ದೇನೆ ಎಂದೇ ಅನ್ನಿಸಿತು. ಮಣ್ಣು ಮಾತ್ರ ಕೆಂಪು, ಮತ್ತು ಹಿಂದೆ ಘಟಪ್ರಭೆಯ ಬದಲು ನೀಲಿ ಗುಡ್ಡ. ಮಾವ ಕಾರು ನಿಲ್ಲಿಸಿ ಎಂದರು. ಜೋಸೆಫ್ ಹೊಲದವರನ್ನು ಕೇಳಿ ಒಂದು ಜಲ್ಲೆ ಮುರಿದುಕೊಟ್ಟ. ಮಾವ ಹಲ್ಲಿನಿಂದ ಸಿಪ್ಪೆ ಸಿಗಿದು, ಜಗಿದು, ಉಗುಳಿ, ತೀರ್ಪು ಕೊಟ್ಟರು.

"ಛಲೋ ಐತಿ. ಆದ್ರ ನಮ್ಮ ಕೊಣ್ಣೂರ ಕಬ್ಬಿನ ಮುಂದ ನಿಂದರಂಗಿಲ್ಲ."

ಜೋಸೆಫ್ ಏನೆಂದರು ಎಂದು ಕೇಳಿದ. ನಿಮ್ಮ ಕಬ್ಬು ಬಹಳ ಸಿಹಿ ಎನ್ನುತ್ತಿದ್ದಾರೆ ಎಂದೆ.

ಕಾರ್ಖಾನೆ

ಹೀಟರ್ ನಿಂತಿತ್ತು. ಬೂದು ಬಣ್ಣ, ನೆತ್ತಿಯ ಮೇಲೆ ಮುಚ್ಚಳ, ಸೊಂಟದಲ್ಲಿ ಉಗಿಯ ಕೊಳವೆ. ಅದರ ಹೊಟ್ಟೆಯ ಮೇಲೆ ಹಿತ್ತಾಳೆಯ ಪಾಟಿ, ಪಾಟಿಯ ಮೇಲೆ ನಮ್ಮ ವರ್ಕ್‌ಶಾಪಿನ ಹೆಸರು, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಮೂಡಲಗಿ. ಎಷ್ಟೋ ದೇಶಗಳ ಯಂತ್ರಗಳು ಅಲ್ಲಿ ಸಾಲಾಗಿ ನಿಂತಿದ್ದವು, ಅವುಗಳ ನಡುವೆ ನಮ್ಮ ಊರು. ಸುಮ್ಮನೆ ಹೇಳುತ್ತಿಲ್ಲ, ಕಣ್ಣಲ್ಲಿ ನೀರೇ ಬಂತು. ಪಾಟಿಯ ಕೊನೆಯ ಸಾಲಿನಲ್ಲಿ ಕೊಳವೆಯ ಹೊರ ಅಳತೆ ನಲವತ್ತೈದು, ಗೋಡೆಯ ದಪ್ಪ ಒಂದು ಪಾಯಿಂಟ್ ಎರಡು ಎಂದು ಕೊರೆದಿತ್ತು. ಆ ಸಾಲಿನ ಫೋಟೋ ತೆಗೆದು ಗಂಡನಿಗೂ ಅವ್ವನಿಗೂ ಕಳಿಸಿದೆ. ಅವ್ವ ಗೌರಿಯ ಫೋಟೋ ತಿರುಗಿ ಕಳಿಸಿದಳು, ಕೆಳಗೆ ಏನೂ ಬರೆದಿರಲಿಲ್ಲ.

ಮಾವ ಮಾತ್ರ ಪಾಟಿಯ ಹತ್ತಿರ ಬರಲೇ ಇಲ್ಲ. ದೂರದಿಂದ ಮುಚ್ಚಳದ ಬೋಲ್ಟುಗಳನ್ನು ಎಣಿಸುವವರ ಹಾಗೆ ನಿಂತಿದ್ದರು.

ಮರುದಿನ ಪರೀಕ್ಷೆ. ಅಲ್ಲಿ ಒಂದು ಪದ್ಧತಿ ಇದೆ, ಅದನ್ನು ಹೇಳಲೇಬೇಕು. ಹೀಟರ್ ಒಪ್ಪುವ ಕೊನೆಯ ಮಾತು ಎಂಜಿನಿಯರನದ್ದಲ್ಲ, ಕೊಳವೆ ತೊಳೆಯುವ ತಂಡದ್ದು. ಹಿಂದೆ ಎಲ್ಲಿಂದಲೋ ತಂದ ಒಂದು ಹೀಟರನ್ನು ತೊಳೆಯಲಾಗದೆ ಇಡೀ ಹಂಗಾಮು ಒದ್ದಾಡಿದ್ದರಂತೆ. ಅಂದಿನಿಂದ, ತೊಳೆಯುವವರು ಪ್ರತಿ ಕೊಳವೆಯಲ್ಲೂ ಬ್ರಷ್ ಹಾಯಿಸಿ ಸೈ ಎನ್ನಬೇಕು. ನಮ್ಮ ಕಡೆ ಹಂಗಾಮು ಮುಗಿದ ಮೇಲೆ ತೊಳೆಯುವವರು ಬರುತ್ತಾರೆ, ಮೈಯೆಲ್ಲ ಕರಿ ಮಾಡಿಕೊಂಡು ಹೋಗುತ್ತಾರೆ, ಅವರನ್ನು ಕೇಳಿ ಯಾರೂ ಹೀಟರ್ ಕೊಂಡಿದ್ದನ್ನು ನಾನು ಕಂಡಿಲ್ಲ. ಈ ಪದ್ಧತಿ ನನಗೆ ತುಂಬ ಮೆಚ್ಚಿಗೆಯಾಯಿತು. ನಮ್ಮ ಹೀಟರ್ ಹೇಗೂ ಪಾಸಾಗುತ್ತದೆ ಎಂಬ ಧೈರ್ಯದಲ್ಲಿ ಇನ್ನಷ್ಟು ಮೆಚ್ಚಿಗೆಯಾಯಿತು.

ತಂಡದ ಮುಖ್ಯಸ್ಥೆ ಮಾಮಾ ನೀಮಾ. ಅಲ್ಲಿ ಹೆಂಗಸರನ್ನು ಮಕ್ಕಳ ಹೆಸರಿನಿಂದ ಕರೆಯುತ್ತಾರೆ, ಮಾಮಾ ನೀಮಾ ಎಂದರೆ ನೀಮಾಳ ತಾಯಿ. ನನಗೂ ಮಗಳಿದ್ದಾಳೆ ಎಂದು ತಿಳಿದ ಕೂಡಲೇ ನಾನು ಮಾಮಾ ಗೌರಿ ಆದೆ. ಆಕೆ ದಪ್ಪ ಹೂಗಳ ಬಟ್ಟೆಯನ್ನು ತಲೆಗೆ ಸುತ್ತಿದ್ದಳು, ಹೆಗಲ ಮೇಲೆ ಉದ್ದನೆಯ ಸರಳು, ಸರಳಿನ ತುದಿಗೆ ಗಟ್ಟಿ ತಂತಿಯ ಬ್ರಷ್. ಬ್ರಷ್ಷಿನ ಮುಂದೆ ಉಕ್ಕಿನ ಬಿಲ್ಲೆ, ಕೊಳವೆಯೊಳಗೆ ಕಟ್ಟಿದ ಕಿಟ್ಟವನ್ನು ಅದೇ ಕೆರೆದು ತೆಗೆಯುವುದು. ಏಣಿ ಹತ್ತಿ, ತೆರೆದ ಮುಚ್ಚಳದ ಮೇಲೆ ಬಗ್ಗಿ, ಮೊದಲ ಕೊಳವೆಗೆ ಬ್ರಷ್ ಇಟ್ಟು ಒತ್ತಿದಳು.

ಬ್ರಷ್ ಹೋಗಲಿಲ್ಲ.

ಇನ್ನೊಂದು ಕೊಳವೆ. ಬಿಲ್ಲೆ ಬಾಯಲ್ಲೇ ಕೂತಿತು. ಮತ್ತೊಂದು. ಅದೂ ಹಾಗೆಯೇ. ಮಾಮಾ ನೀಮಾ ಸರಳನ್ನು ಹೆಗಲಿಗೇರಿಸಿ ಏಣಿ ಇಳಿದು, ಜೋಸೆಫನಿಗೆ ಎರಡು ಮಾತು ಹೇಳಿ ಹೊರಟಳು. ಭಾಷೆ ಬಾರದಿದ್ದರೂ ಅರ್ಥವಾಯಿತು.

ನಾನು ವರ್ನಿಯರ್ ಹಿಡಿದು ಏಣಿ ಹತ್ತಿದೆ. ಹೊರ ಅಳತೆ ನಲವತ್ತೈದು, ಸರಿ. ಒಳ ಅಳತೆ ನಲವತ್ತೆರಡನ್ನು ದಾಟಿರಬೇಕಿತ್ತು, ನಲವತ್ತೊಂದು ಬಂತು. ಅಂದರೆ ಗೋಡೆ ಎರಡು ಮಿಲಿಮೀಟರ್. ಇನ್ನೊಂದು ಕೊಳವೆ ಅಳೆದೆ. ಅದೂ ಎರಡು. ಏಣಿಯ ಮೇಲಿಂದಲೇ ಕೆಳಗೆ ನೋಡಿದೆ. ಮಾವ ಛಾವಣಿಯ ತಗಡು ನೋಡುತ್ತಿದ್ದರು.

"ಮಾವಾರ."

"ಏನವ್ವಾ."

"ಇದು ಎರಡು ಮಿಲಿಮೀಟರ್ ಐತ್ರಿ."

"ಹೂಂ. ಐತಿ." ತಗಡಿನಿಂದ ಕಣ್ಣು ಕೆಳಗಿಳಿಸಿದರು. "ಕೊಸರು ಹಾಕೇನಿ."

ಮಾವಿನ ಮರದ ಕೆಳಗೆ

ಕಾರ್ಖಾನೆಯ ಕ್ಯಾಂಟೀನಿನ ಮುಂದೆ ಒಂದು ಮಾವಿನ ಮರ. ಅದರ ಕೆಳಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಚಹಾ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಸೊಸೆ ಮಾವನ ಮೇಲೆ ಸಿಟ್ಟು ತೋರಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಆದರೆ ಆ ಹೊತ್ತು ನನ್ನ ಮೈ ಉರಿಯುತ್ತಿತ್ತು.

"ಕೊಪ್ಪರಿಗಿಗೆ ತಗಡು ದಪ್ಪ ಹಾಕಿದ್ರ ಏನೂ ಬಾಧಕ ಇಲ್ರಿ. ದಪ್ಪ ಹೊರಗಿನ ಕಡೆ ಬೆಳೀತೈತಿ. ಟ್ಯೂಬಿಂದು ಹಂಗಲ್ರಿ. ಹೊರಗಿನ ಅಳತಿ ಪ್ಲೇಟಿನ ತೂತಿಗೆ ಕಟ್ಟಿ ಬಿದ್ದೈತಿ. ದಪ್ಪ ಮಾಡಿದ್ರ ಒಳಗಿನ ಜಾಗಾನ ತಿಂತೈತಿ."

"ನಾ ಗಟ್ಟಿ ಆಗಲಿ ಅಂತ ಮಾಡೇನವ್ವಾ. ಮೊದಲ್ನೇ ಫಾರಿನ್ ಕೆಲಸ. ಮೊಮ್ಮಕ್ಕಳ ಕಾಲಕ್ಕೂ ನಿಂದರಲಿ ಅಂತ. ನಿನ್ನ ಲೆಕ್ಕದ ಮ್ಯಾಲ ನಂಬಿಕಿ ಇಲ್ಲ ಅಂತಲ್ಲ."

"ನಂಬಿಕಿ ಇದ್ರ ಕೊಸರು ಯಾಕ್ರಿ ಬೇಕಿತ್ತು?"

ಮಾವ ಕರಡಿಗೆಯ ದಾರವನ್ನು ಬೆರಳಿನಿಂದ ತಿರುವುತ್ತ ಕೂತರು. ನನಗೆ ನೋವಾದದ್ದು ಬ್ರಷ್ ಹೋಗದ್ದಕ್ಕಲ್ಲ. ಆ ಒಂದು ಪಾಯಿಂಟ್ ಎರಡರಲ್ಲಿ ನಾನು ಎಲ್ಲವನ್ನೂ ಕೂಡಿಸಿಟ್ಟಿದ್ದೆ. ಸವಕಳಿ, ಉಗಿಯ ಒತ್ತು, ಬ್ರಷ್ಷಿನ ತಿಕ್ಕು, ಮನುಷ್ಯರ ತಪ್ಪು, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು.

ಒಂದಿಷ್ಟು ಹೊತ್ತಿನ ಮೇಲೆ ಮಾವ ಸಣ್ಣ ದನಿಯಲ್ಲಿ ಅಂದರು, "ಅವರ ಬ್ರಷ್ ದಪ್ಪ ಐತಿ ಅಂತ ಹೇಳಿಬಿಟ್ರ?"

"ಪಾಟಿ ಮ್ಯಾಲ ಒಂದು ಪಾಯಿಂಟ್ ಎರಡು ಅಂತ ಐತ್ರಿ. ಅದು ನನ್ನ ಲೆಕ್ಕ. ಸುಳ್ಳು ಪಾಟಿ ಇಟ್ಟು ನಾ ಇಲ್ಲಿಂದ ಹೊಂಡಂಗಿಲ್ರಿ."

ಮಾವ ನನ್ನನ್ನು ನೋಡಿದರು. ಆಮೇಲೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

"ನಡಿ. ನಾನ ಹೇಳತೇನಿ. ನೀ ಅವರ ಭಾಷಾದಾಗ ಹೇಳು."

ಹಾಗೆಯೇ ಆಯಿತು. ಜೋಸೆಫನ ಮುಂದೆ ಮಾವ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ, ಜೋಸೆಫ್ ಮಾಮಾ ನೀಮಾಳಿಗೆ ಸ್ವಾಹಿಲಿಯಲ್ಲಿ ಹೇಳಿದ. ಕೊಸರು ಎಂಬುದನ್ನು ವಿವರಿಸಲು ನಾನು ಚಹಾದ ಲೋಟಕ್ಕೆ ಸಕ್ಕರೆ ಹಾಕಿ, ಮೇಲೆ ಇನ್ನೊಂದು ಚಿಟಿಕೆ ಹಾಕಿ ತೋರಿಸಿದೆ. ಮಾಮಾ ನೀಮಾಳ ಹುಬ್ಬು ಮೇಲೇರಿತು. ತಮ್ಮ ಸಂತೆಯಲ್ಲೂ ಟೊಮೇಟೊ ಗುಡ್ಡೆಯ ಮೇಲೆ ಒಂದು ಹೆಚ್ಚು ಇಡುತ್ತಾರೆ, ಆದರೆ ಕೊಳವೆಯೊಳಗೆ ಯಾರಾದರೂ ಇಡುತ್ತಾರೆಯೇ ಎಂದು ಕೇಳಿದಳು.

"ಬಿಸಿ ದಾಟುತ್ತದೆಯೇ?" ಎಂದು ಜೋಸೆಫ್ ಕೇಳಿದ. "ಗೋಡೆ ದಪ್ಪವಾಯಿತಲ್ಲ."

ಅದೇ ಬೆಂಚಿನ ಮೇಲೆ ಕೂತು ಹೊಸದಾಗಿ ಲೆಕ್ಕ ಹಾಕಿದೆ. ದಪ್ಪ ಗೋಡೆ ಬಿಸಿಗೆ ಸ್ವಲ್ಪ ಅಡ್ಡಿ, ನಿಜ. ಆದರೆ ಕಿರಿದಾದ ದಾರಿಯಲ್ಲಿ ರಸ ಇನ್ನೂ ಜೋರಾಗಿ ಓಡುತ್ತದೆ, ಜೋರಾಗಿ ಓಡಿದರೆ ಬಿಸಿಯನ್ನು ಬೇಗ ಎತ್ತಿಕೊಳ್ಳುತ್ತದೆ. ಹೋದದ್ದು ಬಹುಪಾಲು ಅಲ್ಲೇ ತಿರುಗಿ ಬರುತ್ತದೆ. ಪಂಪು ಮಾತ್ರ ಹೆಚ್ಚು ತಳ್ಳಬೇಕು, ಅವರ ಪಂಪಿಗೆ ಆ ಶಕ್ತಿ ಇತ್ತು. ಅಂದು ಮಧ್ಯಾಹ್ನ ರಸದ ಬದಲು ನೀರು ಹರಿಸಿ ಉಗಿ ಬಿಟ್ಟರು. ನಾನು ಉಷ್ಣಮಾಪಕದ ಮುಳ್ಳನ್ನು ನೋಡುತ್ತ ನಿಂತೆ. ಅದು ಏರಿತು, ತಡೆಯಿತು, ಮತ್ತೆ ಏರಿತು, ಬೇಕಾದ ಗೆರೆಯನ್ನು ಮುಟ್ಟಿ ಒಂದು ಕೂದಲೆಳೆ ದಾಟಿ ನಿಂತಿತು. ಜೋಸೆಫ್ ನನ್ನ ಕೈ ಕುಲುಕಿದ. ನಾನು ಮಾವನ ಕಡೆ ನೋಡಲಿಲ್ಲ, ನೋಡಿದ್ದರೆ ನನ್ನ ಮುಖದ ಹೆಮ್ಮೆ ಅವರಿಗೆ ಕಾಣುತ್ತಿತ್ತು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಮಾಮಾ ನೀಮಾ ಮಾತ್ರ ಕದಲಲಿಲ್ಲ. ಸಣ್ಣ ಬ್ರಷ್ ಮಾಡಿಕೊಡುತ್ತೇವೆ ಎಂದೆ. ಬೇಡ ಎಂದಳು. ಅವಳ ಕಾರಣ ಗಟ್ಟಿಯಾಗಿತ್ತು. ಇಲ್ಲಿರುವ ಬೇರೆ ಹೀಟರುಗಳಿಗೆಲ್ಲ ಒಂದೇ ಅಳತೆಯ ಬ್ರಷ್. ನಡುವೆ ಒಂದು ಸಣ್ಣದು ಸೇರಿದರೆ ಗಡಿಬಿಡಿಯಲ್ಲಿ ಯಾರೋ ಅದನ್ನು ಬೇರೆ ಹೀಟರಿಗೆ ಹಾಕುತ್ತಾರೆ. ಅದು ಸರಾಗವಾಗಿ ಹೋಗಿ ಬರುತ್ತದೆ, ಕಿಟ್ಟ ಮಾತ್ರ ಒಳಗೇ ಉಳಿಯುತ್ತದೆ. ಆಮೇಲೆ ಬೈಸಿಕೊಳ್ಳುವವರು ಅವಳ ತಂಡದವರು.

ಸರಪಳಿ

ಮರುದಿನ ಬೆಳಿಗ್ಗೆ ಮಾವ ಕೋಣೆಯಲ್ಲಿರಲಿಲ್ಲ. ಹುಡುಕುತ್ತ ಹೋದರೆ ಕಾರ್ಖಾನೆಯ ಲೇತಿನ ಮುಂದೆ ನಿಂತಿದ್ದರು. ಅಂಗಿಯ ತೋಳು ಮಡಚಿ, ಹಣೆಯ ವಿಭೂತಿಯ ಮೇಲೆ ಬೆವರಿಳಿಸಿಕೊಂಡು, ಸಣ್ಣ ಬ್ರಷ್ಷಿಗೆ ಬಿಲ್ಲೆಯನ್ನು ತಾವೇ ತರಿಯುತ್ತಿದ್ದರು. ಲೇತಿನವನಿಗೂ ಅವರಿಗೂ ಒಂದು ಪದದ ಸಮಾನ ಭಾಷೆಯೂ ಇಲ್ಲ. ಮರಹಬಾ ಮತ್ತು ಕೈಸನ್ನೆಯಲ್ಲಿ ಕೆಲಸ ನಡೆದಿತ್ತು. ಬಿಲ್ಲೆಯನ್ನು ಸರಳಿಗೆ ಬೆಸುಗೆ ಹಾಕಿದರು, ಬಿಚ್ಚಲು ಬರದ ಹಾಗೆ. ಸರಳಿನ ಹಿಡಿಕೆಗೆ ಒಂದು ಕೊಂಡಿ, ಕೊಂಡಿಗೆ ಒಂದು ಸರಪಳಿ.

"ಇದೇನ್ರಿ ಮಾವಾರ?"

"ಗೋಕಾಕ ಬಸ್ ಸ್ಟ್ಯಾಂಡಿನಾಗ ನೀರಿನ ಟಾಕಿಗೆ ಗ್ಲಾಸ್ ಹೆಂಗ ಕಟ್ಟಿರತಾರ?"

ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ದಿನದಿಂದ ಬಿಗಿದುಕೊಂಡಿದ್ದ ಮುಖ ಅಲ್ಲೇ ಸಡಿಲಾಯಿತು. ಮಾವನೂ ನಕ್ಕರು. ಆಮೇಲೆ ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು.

"ಅಳತಿ ನೀ ನೋಡು. ನಾ ಹಾಕಿದ್ದು ಸರಿ ಐತೋ ಇಲ್ಲೋ."

ವರ್ನಿಯರ್ ಹಚ್ಚಿದೆ. ಒಂದು ಕೂದಲಿನಷ್ಟೂ ಕೊಸರಿರಲಿಲ್ಲ.

ಸರಪಳಿಯ ಇನ್ನೊಂದು ತುದಿಯನ್ನು ಹೀಟರಿನ ಕಾಲಿಗೆ ಬೆಸೆದರು. ಮಾಮಾ ನೀಮಾಳನ್ನು ಕರೆದರು. ಅವಳು ಆ ಸರಪಳಿಯ ಸರಳನ್ನು ಹೆಗಲಿಗೇರಿಸಿ ನೇರ ಪಕ್ಕದ ಹೀಟರಿನ ಕಡೆ ನಡೆದಳು. ಅರ್ಧ ದಾರಿಯಲ್ಲಿ ಸರಪಳಿ ಬಿಗಿಯಿತು. ಜಗ್ಗಿದಳು. ಮತ್ತೆ ಜಗ್ಗಿದಳು. ತಿರುಗಿ ಮಾವನ ಮುಖ ನೋಡಿ ಅವಳು ನಕ್ಕ ನಗು ಇಡೀ ಶೆಡ್ಡಿಗೆ ಕೇಳಿಸಿತು. ದೊಡ್ಡ ಬ್ರಷ್ ಈ ಹೀಟರಿನೊಳಗೆ ಹೋಗುವುದಿಲ್ಲ, ಸಣ್ಣ ಬ್ರಷ್ ಈ ಹೀಟರನ್ನು ಬಿಟ್ಟು ಹೋಗುವುದಿಲ್ಲ. ಅದಲು ಬದಲಾಗುವ ಮಾತೇ ಇಲ್ಲ.

ಆಮೇಲೆ ಕೊಳವೆ ಕೊಳವೆಗೂ ಬ್ರಷ್ ಹಾಯಿಸಿದೆವು. ನಾನೂ ಏಣಿ ಹತ್ತಿದೆ. ಸರಳು ಭಾರ, ಭುಜ ಬಿಟ್ಟುಹೋಯಿತು. ಲೆಕ್ಕದಲ್ಲಿ ನಾನು ಬ್ರಷ್ಷಿನ ಸವಕಳಿ ಎಂದು ಬರೆಯುವ ಒಂದು ಸಾಲಿನ ಹಿಂದೆ ಇಷ್ಟು ಮೈನೋವು ಇದೆ ಎಂದು ಅಂದು ತಿಳಿಯಿತು. ಕೊನೆಯ ಕೊಳವೆಯಿಂದ ಬ್ರಷ್ ಹೊರಬಂದ ಕೂಡಲೇ ತಂಡದ ಹೆಂಗಸರು ನಾಲಿಗೆ ಆಡಿಸಿ ಲುಲುಲು ಎಂದು ಕೂಗಿದರು. ಅಲ್ಲಿ ಮದುವೆಯಲ್ಲಿ, ಮಗು ಹುಟ್ಟಿದಾಗ ಹಾಗೆ ಕೂಗುತ್ತಾರಂತೆ. ಮಾಮಾ ನೀಮಾ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಸೈ ಎಂದಳು. ನಮ್ಮ ಹೀಟರ್ ಪಾಸಾಯಿತು.

ಪಾಟಿಯನ್ನು ಮಾವನೇ ತಿದ್ದಿದರು. ಅಂಕಿ ಹೊಡೆಯುವ ಉಳಿ ತರಿಸಿ, ಒಂದು ಪಾಯಿಂಟ್ ಎರಡರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಎರಡು ಎಂದು ಸುತ್ತಿಗೆಯಿಂದ ಹೊಡೆದರು. ಗೀಟು ಎಳೆಯುವಾಗ ಅವರ ಕೈ ನಿಧಾನವಾಯಿತು. ಹಳೆಯ ಅಂಕಿ ಓದಲು ಬರುವಷ್ಟೇ ತೆಳ್ಳಗೆ ಎಳೆದರು.

ಹೊರಡುವಾಗ ಮಾಮಾ ನೀಮಾ ಒಂದು ಮಾತು ಹೇಳಿ ಕಳಿಸಿದಳು. ಮುಂದಿನ ಹೀಟರುಗಳಿಗೆ ಮಾಮಾ ಗೌರಿ ಹೇಳಿದಷ್ಟೇ ದಪ್ಪದ ಕೊಳವೆ ಹಾಕಿ, ಸರಪಳಿ ಮಾತ್ರ ಎಲ್ಲಕ್ಕೂ ಇರಲಿ, ಇಲ್ಲಿ ಬ್ರಷ್ ಕಳವಾಗುವುದು ಬಹಳ ಎಂದು.

ಮತ್ತೆ ಮೂಡಲಗಿ

ಮೊದಲು ಹುಕ್ಕೇರಿಗೆ ಹೋದೆ, ಗೌರಿ ನನ್ನನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಅಡಗಿದಳು. ಅರ್ಧ ದಿನ ಮಾತಾಡಿಸಲಿಲ್ಲ. ಅವ್ವ, "ಹೆಂಗಿತ್ತ ನಿನ್ನ ಹೀಟರ್?" ಎಂದಳು. ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಎಲ್ಲವನ್ನೂ ಹೇಳಿದೆ. ಅವ್ವ ಎಲ್ಲ ಕೇಳಿ, ಮಾವನವರಿಗೆ ಎದುರು ಮಾತಾಡಿದೆಯಾ ಎಂದು ಅದನ್ನೊಂದನ್ನೇ ಹಿಡಿದಳು.

ಮೂಡಲಗಿಯಲ್ಲಿ ಮಾವನಿಗೆ ಒಂದು ವಾರ ಸಿಂಹದ ಪ್ರಶ್ನೆಗಳೇ. ಮೊದಲೆರಡು ದಿನ ನಿಜ ಹೇಳಿದರು. ಆಮೇಲೆ ಬೇಸತ್ತು, ಹೌದು, ಇಷ್ಟು ದೊಡ್ಡದಿತ್ತು ಎಂದು ಕೈ ಅಗಲಿಸಿ ತೋರಿಸತೊಡಗಿದರು. ಅಲ್ಲೂ ಕೊಸರು.

ಆ ಮೇಲೆ ಒಂದು ಮುಂಜಾನೆ ಇಲ್ಲೇ ಹತ್ತಿರದ ಕಾರ್ಖಾನೆಯ ಸಾಹೇಬರೊಬ್ಬರು ವರ್ಕ್‌ಶಾಪಿಗೆ ಬಂದರು. ಅವರಿಗೂ ಒಂದು ಹೀಟರ್ ಬೇಕಿತ್ತು. ನಾನು ಹಾಕಿಟ್ಟ ಲೆಕ್ಕದ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಮಾವನ ಕಡೆ ತಿರುಗಿದರು. ನಾನು ಗೌರಿಯನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ.

"ಬಸಲಿಂಗಪ್ಪನವರ, ಟ್ಯೂಬ್ ಭಾಳ ತೆಳ್ಳಗ ಆತಲ್ರಿ. ಹುಡುಗಿ ಲೆಕ್ಕ ಇರಲಿ. ನಿಮ್ಮ ಅಂದಾಜಿನಾಗ ಸ್ವಲ್ಪ ದಪ್ಪ ಹಾಕಿ ಕೊಡ್ರಿ. ನಿಮ್ಮ ಕೊಸರು ನಮಗ ಗೊತ್ತೈತಿ."

ಮಾವ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು, ಮಡಿಕೆ ಬೀಳದಂತೆ ಮೇಜಿನ ಮೇಲೆ ಬಿಡಿಸಿಟ್ಟರು.

"ಸಾಹೇಬ್ರ, ನಮ್ಮ ಸೊಸಿ ಹಾಕಿದ ಲೆಕ್ಕದಾಗ ಕೊಸರು ಐತ್ರಿ," ಎಂದರು. "ಅದರ ಮ್ಯಾಲ ಹಾಕಾಕ ನನಗ ಅಧಿಕಾರ ಇಲ್ರಿ."